ಜಪಾನಿನಿಂದ ಬಂದ ಮೂವರು

1996ರಿಂದ 2021ರವರೆಗಿನ 25 ವರ್ಷಗಳಲ್ಲಿ ಬ್ರಿಟನ್ನಿನ ಎರಡು ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳು ಮೂರು ಸಲ ಜಪಾನಿನ ಲೀಗಿನಲ್ಲಿ ಕೆಲಸ ಮಾಡಿದವರನ್ನು ತಂದು ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸಿದವು. ಲಂಡನ್ನಿನ ಆರ್ಸೆನಲ್ 1996ರಲ್ಲಿ ನಗೋಯಾ ಗ್ರಾಂಪಸ್ ಏಟ್ ತಂಡದಲ್ಲಿದ್ದ ಆರ್ಸೆನ್ ವೆಂಗರ್ ಅವರನ್ನು ಕರೆಸಿಕೊಂಡಿತು. ಮರುವರ್ಷ ಗ್ಲಾಸ್ಗೋದ ಸೆಲ್ಟಿಕ್, ಸ್ಯಾನ್‌ಫ್ರೆಚೆ ಹಿರೋಶಿಮಾ ತಂಡಕ್ಕೆ ಕೋಚ್ ಆಗಿದ್ದ ವಿಮ್ ಯಾನ್ಸನ್ ಅವರನ್ನು ನೇಮಿಸಿತು. 2021ರ ಜೂನ್‌ನಲ್ಲಿ ಅದೇ ಸೆಲ್ಟಿಕ್, ಯೊಕೊಹಾಮಾ ಎಫ್. ಮರಿನೋಸ್‌ನಿಂದ ಆಂಜ್ ಪೋಸ್ಟೆಕೋಗ್ಲು ಅವರನ್ನು ತಂದಿತು. ಮೂರೂ ಸಲ ಎದ್ದ ಮೊದಲ ಪ್ರಶ್ನೆ ಒಂದೇ: ಯಾರಪ್ಪಾ ಇವನು? ಮೂವರೂ ಗೆದ್ದರು. ವೆಂಗರ್ ತಮ್ಮ ಎರಡನೇ ಸೀಸನ್ನಿನಲ್ಲೇ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ತಂದರು. ಯಾನ್ಸನ್ ಮೊದಲ ಸೀಸನ್ನಿನಲ್ಲೇ ಲೀಗ್ ಗೆದ್ದರು. ಪೋಸ್ಟೆಕೋಗ್ಲು ಎರಡು ಸೀಸನ್ನುಗಳಲ್ಲಿ ಐದು ಪ್ರಶಸ್ತಿ ಕೂಡಿಸಿಟ್ಟರು. ಹೀಗಾಗಿ ಈ ಮೂರು ನೇಮಕಗಳ ಕಥೆ ಈಗ ನೀತಿಕಥೆಯಾಗಿ ಚಲಾವಣೆಯಲ್ಲಿದೆ. ಅದರ ಪ್ರಕಾರ ಆಡಳಿತ ಮಂಡಳಿಗೆ ಕಣ್ಣಿತ್ತು, ಅಭಿಮಾನಿಗಳಿಗೆ ಇರಲಿಲ್ಲ. ಅನುಮಾನಪಟ್ಟವರು ಆಮೇಲೆ ನಾಲಿಗೆ ಕಚ್ಚಿಕೊಂಡರು. ಕೇಳಲು ಚೆನ್ನಾಗಿದೆ, ಆದರೆ ಇದು ಫಲಿತಾಂಶ ಗೊತ್ತಾದ ಮೇಲೆ ಹಿಂದಿನಿಂದ ಬರೆದ ಕಥೆ. ಆ ದಿನಗಳಿಗೆ ಹೋಗಿ ನೋಡಿದರೆ ಅಭಿಮಾನಿಗಳ ಅನುಮಾನ ಬಂದವರ ಮೇಲಿದ್ದುದಕ್ಕಿಂತ ಕರೆತಂದವರ ಮೇಲೇ ಹೆಚ್ಚಾಗಿತ್ತು. ಅದಕ್ಕೆ ತಕ್ಕ ಕಾರಣಗಳೂ ಇದ್ದವು.

ಆರ್ಸೆನಲ್‌ನಿಂದಲೇ ಶುರು ಮಾಡೋಣ. 1989 ಮತ್ತು 1991ರಲ್ಲಿ ಲೀಗ್ ಗೆದ್ದುಕೊಟ್ಟ ಜಾರ್ಜ್ ಗ್ರಹಾಂ ಆಟಗಾರರ ಏಜೆಂಟ್ ಒಬ್ಬರಿಂದ ಹಣ ಪಡೆದ ಪ್ರಕರಣದಲ್ಲಿ 1995ರ ಫೆಬ್ರವರಿಯಲ್ಲಿ ಕೆಲಸ ಕಳೆದುಕೊಂಡಿದ್ದರು. ಅವರ ಜಾಗಕ್ಕೆ ಬಂದ ಬ್ರೂಸ್ ರಿಯಾಕ್ ಒಂದೇ ಸೀಸನ್ ಇದ್ದರು. ತಂಡ ಐದನೇ ಸ್ಥಾನದಲ್ಲಿ ಮುಗಿಸಿತ್ತು, ಡೆನ್ನಿಸ್ ಬರ್ಗ್‌ಕ್ಯಾಂಪ್‌ರಂಥ ಆಟಗಾರ ಬಂದಿದ್ದರು, ಯುಇಎಫ್‌ಎ ಕಪ್‌ಗೆ ಅರ್ಹತೆಯೂ ಸಿಕ್ಕಿತ್ತು. ಹೀಗಿರುವಾಗ 1996ರ ಆಗಸ್ಟ್‌ನಲ್ಲಿ, ಹೊಸ ಸೀಸನ್ನಿಗೆ ಒಂದು ವಾರವೂ ಉಳಿದಿಲ್ಲ ಎನ್ನುವಾಗ ರಿಯಾಕ್ ಅವರನ್ನು ಮನೆಗೆ ಕಳಿಸಲಾಯಿತು. ಉತ್ತರಾಧಿಕಾರಿ ಯಾರೆಂದು ಕ್ಲಬ್ಬು ಬಾಯಿ ಬಿಡಲಿಲ್ಲ. ವೆಂಗರ್ ಇನ್ನೂ ನಗೋಯಾದ ಒಪ್ಪಂದದಲ್ಲಿದ್ದರು. ಹಂಗಾಮಿಯಾಗಿ ಕೂರಿಸಿದ್ದ ಸ್ಟುವರ್ಟ್ ಹ್ಯೂಸ್ಟನ್ ಸೆಪ್ಟೆಂಬರ್‌ನಲ್ಲಿ ಬೇರೆ ಕ್ಲಬ್ಬಿನ ಮ್ಯಾನೇಜರ್ ಹುದ್ದೆ ಹಿಡಿದು ಹೊರಟರು, ಅವರ ಜಾಗಕ್ಕೆ ಪ್ಯಾಟ್ ರೈಸ್ ಬಂದರು. ಈ ನಡುವೆ ಪ್ಯಾಟ್ರಿಕ್ ವಿಯೆರಾ, ರೆಮಿ ಗಾರ್ಡ್ ಎಂಬ ಇಬ್ಬರು ಫ್ರೆಂಚ್ ಆಟಗಾರರು ಬಂದಿಳಿದರು. ಇವರನ್ನು ಆರಿಸಿದವರು ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಂಡ ಬೊರುಸ್ಸಿಯಾ ಮೊಂಚೆನ್‌ಗ್ಲಾಡ್‌ಬಾಕ್ ಎದುರು ಎರಡೂ ಪಂದ್ಯ ಸೋತು ಯುಇಎಫ್‌ಎ ಕಪ್‌ನಿಂದ ಹೊರಬಿತ್ತು. ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕೂತವರಿಗೆ ಕಾಣುತ್ತಿದ್ದುದು ಇಷ್ಟೇ: ಒಂದೂವರೆ ವರ್ಷದಲ್ಲಿ ಎರಡು ವಜಾ, ಒಂದೇ ತಿಂಗಳಲ್ಲಿ ಇಬ್ಬರು ಹಂಗಾಮಿಗಳು, ಮುಖ ತೋರಿಸದ ಒಬ್ಬ ಹೊಸಬ. ಲಂಡನ್ನಿನ ಸಂಜೆ ಪತ್ರಿಕೆಯ ‘ಆರ್ಸೆನ್ ಯಾರು?’ ಎಂಬ ತಲೆಬರಹ ಇಂದಿಗೂ ಎಲ್ಲರ ನೆನಪಿನಲ್ಲಿದೆ. ಅದರ ಹಿಂದಿನ ಈ ವಾರಗಳನ್ನು ಯಾರೂ ನೆನೆಯುವುದಿಲ್ಲ. ಕಟ್ಟಾ ಆರ್ಸೆನಲ್ ಅಭಿಮಾನಿಯಾದ ಕಾದಂಬರಿಕಾರ ನಿಕ್ ಹಾರ್ನ್‌ಬಿ ಆ ದಿನಗಳ ಬಗ್ಗೆ ಆಮೇಲೆ ಹೇಳಿದ ಮಾತೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪತ್ರಿಕೆಯೊಂದರಲ್ಲಿ ಟೆರ್ರಿ ವೆನೆಬಲ್ಸ್, ಯೋಹಾನ್ ಕ್ರೈಫ್ ಹೆಸರುಗಳ ಕೊನೆಗೆ ವೆಂಗರ್ ಹೆಸರಿತ್ತಂತೆ. ಕೇಳಿಯೇ ಇರದ ಆ ನೀರಸ ಹೆಸರನ್ನೇ ಆರ್ಸೆನಲ್ ಆರಿಸುತ್ತದೆ ಎಂದು ಅವರಿಗೆ ಅನ್ನಿಸಿತಂತೆ. ಈ ಚುಚ್ಚುಮಾತು ವೆಂಗರ್‌ಗೆ ತಾಗುವುದಿಲ್ಲ. ತಾಗುವುದು ಕ್ಲಬ್ಬಿನ ಸ್ವಭಾವಕ್ಕೆ.

ತಿಳಿದುಕೊಳ್ಳಬಹುದಿತ್ತಲ್ಲ, ಎನ್ನುವವರಿದ್ದಾರೆ. ಮಾಹಿತಿ ಇತ್ತು, ನಿಜ. ವೆಂಗರ್ 1988ರಲ್ಲಿ ಮೊನಾಕೊಗೆ ಫ್ರೆಂಚ್ ಲೀಗ್ ಗೆದ್ದುಕೊಟ್ಟಿದ್ದರು. ಆ ತಂಡದಲ್ಲಿ ಇಂಗ್ಲೆಂಡಿನ ಗ್ಲೆನ್ ಹಾಡಲ್, ಮಾರ್ಕ್ ಹೇಟ್ಲಿ ಇದ್ದರು. 1992ರಲ್ಲಿ ಮೊನಾಕೊ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್ ತಲುಪಿತು, 1994ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. 1995ರಲ್ಲಿ ಬ್ಯಾಲನ್ ಡಿ’ಓರ್ ಪಡೆದ ಜಾರ್ಜ್ ವಿಯಾ ಅವರನ್ನು ಆಫ್ರಿಕಾದಿಂದ ಯುರೋಪಿಗೆ ಕರೆತಂದವರೂ ಇವರೇ. ಆದರೆ 1992ರಿಂದ ಇಂಗ್ಲೆಂಡಿನ ಟಿವಿಯಲ್ಲಿ ವಾರವಾರ ಬರುತ್ತಿದ್ದುದು ಇಟಲಿಯ ಲೀಗ್, ಫ್ರಾನ್ಸಿನದಲ್ಲ. ಇನ್ನು ನಗೋಯಾ ಇಂಗ್ಲಿಷರಿಗೆ ಪರಿಚಯವಿದ್ದದ್ದು ಗ್ಯಾರಿ ಲಿನೇಕರ್ ಕಾಲ್ಬೆರಳಿನ ಗಾಯದ ನಡುವೆ ತಮ್ಮ ಆಟದ ಬದುಕು ಮುಗಿಸಿದ ಊರೆಂದು. 1993ರಲ್ಲಷ್ಟೇ ಶುರುವಾಗಿದ್ದ ಜೆ-ಲೀಗ್ ಬ್ರಿಟಿಷರ ಕಣ್ಣಿಗೆ ನಿವೃತ್ತರ ಆಶ್ರಯತಾಣ. ಇಷ್ಟಕ್ಕೂ ಮಾಹಿತಿ ಕೈಯಲ್ಲಿದ್ದವರಾದರೂ ಧೈರ್ಯ ಮಾಡಿದ್ದರೇ? ಉಪಾಧ್ಯಕ್ಷ ಡೇವಿಡ್ ಡೀನ್‌ಗೆ 1989ರಿಂದಲೇ ವೆಂಗರ್ ಗೊತ್ತಿದ್ದರು. 1995ರಲ್ಲೇ ಅವರ ಹೆಸರನ್ನು ಮಂಡಳಿಯ ಮುಂದಿಟ್ಟರು. ಮಂಡಳಿ ಒಪ್ಪದೆ ರಿಯಾಕ್ ಅವರನ್ನು ಆರಿಸಿತು. ಅಂದರೆ ವೆಂಗರ್ ಅವರ ಇಡೀ ಬಯೊಡೇಟಾ ಎದುರಿಗಿದ್ದವರೂ ಒಂದು ವರ್ಷ ಮೊದಲು ಅದೇ ಅನುಮಾನದಿಂದ ಹಿಂದೆ ಸರಿದಿದ್ದರು. ಅಭಿಮಾನಿಗಳ ಅನುಮಾನವನ್ನು ಗೇಲಿ ಮಾಡುವ ಕಥೆಯಲ್ಲಿ ಈ ಸಂಗತಿ ಅಷ್ಟಾಗಿ ಬರುವುದಿಲ್ಲ.

ಗ್ಲಾಸ್ಗೋದ ಕಥೆ ಇನ್ನೂ ಸ್ವಾರಸ್ಯಕರ. 1997ರ ಬೇಸಿಗೆಯ ಹೊತ್ತಿಗೆ ಎದುರಾಳಿ ರೇಂಜರ್ಸ್ ಸತತ ಒಂಬತ್ತು ಲೀಗ್ ಗೆದ್ದು ಸೆಲ್ಟಿಕ್‌ನ ಹಳೆಯ ದಾಖಲೆಯನ್ನು ಸರಿಗಟ್ಟಿತ್ತು. ಹತ್ತನೆಯದು ಬಂದರೆ ಆ ದಾಖಲೆ ಕೈತಪ್ಪುತ್ತಿತ್ತು. ಇಂಥ ಹೊತ್ತಿನಲ್ಲಿ, ಅಭಿಮಾನಿಗಳಿಗೆ ಅಚ್ಚುಮೆಚ್ಚಾಗಿದ್ದ ಟಾಮಿ ಬರ್ನ್ಸ್ ಅವರನ್ನು ತೆಗೆದು, ವಿಮ್ ಯಾನ್ಸನ್ ಅವರನ್ನು ತಂದರು. ಪತ್ರಿಕೆಯೊಂದು ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ನಂತರದ ಅನಾಹುತ ಇವರೇ ಎಂಬರ್ಥದ, ಓದಿದರೆ ಇಂದಿಗೂ ಮುಜುಗರವಾಗುವ ತಲೆಬರಹ ಹಾಕಿತು. ಈ ‘ಅಪರಿಚಿತ’ 1974 ಮತ್ತು 1978ರ ವಿಶ್ವಕಪ್ ಫೈನಲ್‌ಗಳಲ್ಲಿ ಹಾಲೆಂಡಿನ ಪರ ಆಡಿದವರು. ಅಷ್ಟೇ ಅಲ್ಲ, 1970ರಲ್ಲಿ ಮಿಲಾನ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ ತಂಡವನ್ನೇ 2-1ರಿಂದ ಸೋಲಿಸಿದ ಫೆಯನೂರ್ಡ್ ತಂಡದಲ್ಲಿದ್ದವರು. ತಮ್ಮ ಕ್ಲಬ್ಬಿನ ಅತಿ ದೊಡ್ಡ ಸೋಲೊಂದಕ್ಕೆ ಪಾಲುದಾರನಾದವನನ್ನೂ ಊರು ಮರೆತಿತ್ತು. ಆದ್ದರಿಂದ ಅಪರಿಚಿತ ಎನ್ನುವುದನ್ನು ವ್ಯಕ್ತಿಯ ಗುಣವೆಂದು ಎಣಿಸುವುದರಲ್ಲಿ ಅರ್ಥವಿಲ್ಲ. ನಮ್ಮ ಲೀಗಿನಲ್ಲಿ, ಈಚಿನ ಕೆಲವು ವರ್ಷಗಳಲ್ಲಿ, ನಾವು ನೋಡಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಮೊದಲ ಎರಡು ಲೀಗ್ ಪಂದ್ಯಗಳನ್ನು ಸೆಲ್ಟಿಕ್ ಸೋತಿತು. ಯಾನ್ಸನ್ ಫೆಯನೂರ್ಡ್‌ನಿಂದ 6,50,000 ಪೌಂಡಿಗೆ ತಂದ ಹೆನ್ರಿಕ್ ಲಾರ್ಸನ್ ಮೊದಲ ಪಂದ್ಯದಲ್ಲೇ ಎದುರಾಳಿಯ ಕಾಲಿಗೆ ಚೆಂಡು ಕೊಟ್ಟು ಗೋಲು ಬಿಟ್ಟುಕೊಟ್ಟರು. ಆದರೂ 1998ರ ಮೇ 9ರಂದು ಸೇಂಟ್ ಜಾನ್‌ಸ್ಟನ್ ತಂಡವನ್ನು 2-0ಯಿಂದ ಸೋಲಿಸಿ ಸೆಲ್ಟಿಕ್ ಲೀಗ್ ಗೆದ್ದಿತು, ರೇಂಜರ್ಸ್‌ನ ಹತ್ತನೆಯದು ತಪ್ಪಿತು. ಎರಡೇ ದಿನಗಳಲ್ಲಿ, ಜನರಲ್ ಮ್ಯಾನೇಜರ್ ಜಾಕ್ ಬ್ರೌನ್ ಜೊತೆಗಿನ ಮನಸ್ತಾಪದಿಂದ ಯಾನ್ಸನ್ ಹೊರಟುಹೋದರು. ಮುಂದಿನ ಆಗಸ್ಟ್‌ನಲ್ಲಿ ಚಾಂಪಿಯನ್ ಧ್ವಜ ಹಾರಿಸಲು ಮೈದಾನಕ್ಕಿಳಿದ ಕ್ಲಬ್ಬಿನ ಒಡೆಯ ಫರ್ಗಸ್ ಮೆಕ್‌ಕ್ಯಾನ್ ಅವರಿಗೆ ಸ್ವಂತ ಅಭಿಮಾನಿಗಳೇ ಧಿಕ್ಕಾರ ಕೂಗಿದರು. 1994ರಲ್ಲಿ ಕ್ಲಬ್ಬು ದಿವಾಳಿಯ ಅಂಚಿನಲ್ಲಿದ್ದಾಗ ಅದನ್ನು ಉಳಿಸಿದ್ದ ಮನುಷ್ಯ ಅವರು. ಯಾನ್ಸನ್ ಬಂದಾಗಿನ ಅಸಮಾಧಾನ, ಹೋದಾಗಿನ ಸಿಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟರೆ ಗುರಿ ಬದಲಾಗಿಲ್ಲದಿರುವುದು ಕಾಣುತ್ತದೆ: ಒಳಗಿನ ಕೋಣೆಯಲ್ಲಿ ಕೂತು ನಿರ್ಧರಿಸುವವರು. ಮಧ್ಯದಲ್ಲಿ ಮ್ಯಾನೇಜರ್ ಮೇಲಿನ ಅಭಿಪ್ರಾಯವಷ್ಟೇ ಪೂರ್ತಿ ಮಗುಚಿಕೊಂಡಿತ್ತು.

ಇದಕ್ಕೆ ಬರುವ ದೊಡ್ಡ ಆಕ್ಷೇಪವೆಂದರೆ ಆ ಅನುಮಾನ ಪರದೇಶಿಯರ ಮೇಲಿನ ಅಸಹನೆಯಷ್ಟೇ, ಅದಕ್ಕೆ ಸಭ್ಯ ಕಾರಣ ಹುಡುಕುವುದು ಬೇಡ ಎಂಬುದು. ಹಿರೋಶಿಮಾದ ಆ ತಲೆಬರಹ ಓದಿದ ಮೇಲೆ ಇದನ್ನು ತಳ್ಳಿಹಾಕಲು ಬರುವುದಿಲ್ಲ. 2017ರ ಜನವರಿಯಲ್ಲಿ ಲೀಗಿನ ತಳದಲ್ಲಿದ್ದ ಹಲ್ ಸಿಟಿ, ಪೋರ್ಚುಗಲ್ ಮತ್ತು ಗ್ರೀಸ್‌ನಲ್ಲಿ ಪ್ರಶಸ್ತಿ ಗೆದ್ದಿದ್ದ ಮಾರ್ಕೊ ಸಿಲ್ವಾ ಅವರನ್ನು ನೇಮಿಸಿದಾಗಲೂ ಟಿವಿ ಸ್ಟುಡಿಯೊದಲ್ಲಿ ಕೂತಿದ್ದ ಮಾಜಿ ಆಟಗಾರರು ಈತನಿಗೆ ನಮ್ಮ ಲೀಗಿನ ಬಗ್ಗೆ ಏನು ಗೊತ್ತು ಎಂದು ಸಿಡಿಮಿಡಿಗೊಂಡಿದ್ದರು. ಆದರೆ ಮಾತಾಡಿದವರು ಯಾರು ಎಂಬುದನ್ನು ಗಮನಿಸಬೇಕು. ಒಬ್ಬರು ಪತ್ರಿಕೆಯವರು, ಇನ್ನೊಬ್ಬರು ಅದೇ ಹುದ್ದೆಗಳಿಗೆ ಹಂಬಲಿಸುವ ಗೆಳೆಯರಿದ್ದ ಮಾಜಿ ಆಟಗಾರರು. ಇತಿಹಾಸಕ್ಕೆ ಉಳಿಯುವುದು ಇವರ ಮಾತು, ಗ್ಯಾಲರಿಯ ಗೊಣಗಾಟವಲ್ಲ. ಹೀಗಾಗಿ ಇವರ ತಾತ್ಸಾರವನ್ನು ಅಭಿಮಾನಿಗಳ ಲೆಕ್ಕಕ್ಕೆ ಬರೆದಿಡುವುದು ಸುಲಭವಾಗಿಬಿಟ್ಟಿದೆ. ಪರದೇಶಿ ಎಂಬುದೇ ಮುಖ್ಯ ಕಾರಣವಾಗಿದ್ದರೆ 1996ರಲ್ಲೇ ಲಂಡನ್ನಿನ ಇನ್ನೊಂದು ಮೂಲೆಯಲ್ಲಿ ಚೆಲ್ಸಿಯ ಅಭಿಮಾನಿಗಳು ಡಚ್ಚರಾದ ರೂಡ್ ಗುಲಿಟ್ ಅವರನ್ನು ಮ್ಯಾನೇಜರ್ ಆಗಿ ಬರಮಾಡಿಕೊಂಡದ್ದನ್ನು ವಿವರಿಸುವುದು ಕಷ್ಟ. ಗುಲಿಟ್ ಅದುವರೆಗೆ ಒಂದು ದಿನವೂ ಎಲ್ಲಿಯೂ ಮ್ಯಾನೇಜರ್ ಆಗಿದ್ದವರಲ್ಲ. ವೆಂಗರ್‌ಗೆ ಹೋಲಿಸಿದರೆ ಅನುಭವ ಸೊನ್ನೆ. ಆದರೆ ಜನ ಅವರನ್ನು ಒಂದು ವರ್ಷ ತಮ್ಮದೇ ಮೈದಾನದಲ್ಲಿ ಕಣ್ಣಾರೆ ಕಂಡಿದ್ದರು. ಪಾಸ್‌ಪೋರ್ಟ್ ಯಾವುದು ಎನ್ನುವುದಕ್ಕಿಂತ, ಸ್ವಂತ ಕಣ್ಣಿನ ಸಾಕ್ಷ್ಯವಿದೆಯೇ ಎನ್ನುವುದೇ ಹೆಚ್ಚು ತೂಗಿತು.

ಅನುಮಾನ ನಿರಾಧಾರವಾಗಿರಲಿಲ್ಲ ಎನ್ನುವುದಕ್ಕೆ ಗೆಲ್ಲದವರ ಕಥೆಗಳು ಬೇಕು. ನೀತಿಕಥೆ ಅವರನ್ನು ಹೊರಗಿಟ್ಟಿದೆ. 1990ರಲ್ಲಿ ಆ್ಯಸ್ಟನ್ ವಿಲ್ಲಾ ಯೋಜೆಫ್ ವೆಂಗ್ಲೋಷ್ ಅವರನ್ನು ನೇಮಿಸಿತು. ಇಂಗ್ಲೆಂಡಿನ ಮೊದಲ ದರ್ಜೆಯ ಲೀಗಿನಲ್ಲಿ ಬ್ರಿಟನ್-ಐರ್ಲೆಂಡ್ ಹೊರಗಿನ ಮೊದಲ ಮ್ಯಾನೇಜರ್ ಅವರೇ. ಆ ವರ್ಷದ ವಿಶ್ವಕಪ್‌ನಲ್ಲಿ ಚೆಕೊಸ್ಲೊವಾಕಿಯವನ್ನು ಕ್ವಾರ್ಟರ್‌ಫೈನಲ್‌ಗೆ ಒಯ್ದಿದ್ದ, ಓದಿಕೊಂಡ, ಮೃದು ಮಾತಿನ ಮನುಷ್ಯ. ಹಿಂದಿನ ಸೀಸನ್ನಿನಲ್ಲಿ ಎರಡನೇ ಸ್ಥಾನದಲ್ಲಿದ್ದ ವಿಲ್ಲಾ ಅವರ ಕೈಯಲ್ಲಿ 17ಕ್ಕೆ ಇಳಿಯಿತು. ಒಂದೇ ವರ್ಷಕ್ಕೆ ಅವರು ಹೊರಟರು. ಆಟಗಾರರ ಊಟ, ವಿಶ್ರಾಂತಿ, ಮೈಕೈ ಆರೈಕೆಯ ಬಗ್ಗೆ ಅವರು ಹೇಳಿದ ಮಾತುಗಳಿಗೂ ಆರು ವರ್ಷದ ಮೇಲೆ ವೆಂಗರ್ ಜಾರಿಗೆ ತಂದ ಕಟ್ಟುಪಾಡುಗಳಿಗೂ ದೊಡ್ಡ ವ್ಯತ್ಯಾಸವಿರಲಿಲ್ಲ. ಮತ್ತೊಂದು ಕಥೆ ಆರ್ಸೆನಲ್‌ನ ಪಕ್ಕದ ಮನೆಯಾದ ಟಾಟನ್‌ಹ್ಯಾಮ್‌ನದು. 1997ರ ನವೆಂಬರ್‌ನಲ್ಲಿ, ವೆಂಗರ್ ಬಂದು ವರ್ಷ ದಾಟುತ್ತಿದ್ದಂತೆ, ಅಧ್ಯಕ್ಷ ಅಲನ್ ಶುಗರ್ ಜ್ಯೂರಿಕ್‌ನ ಗ್ರಾಸ್‌ಹಾಪರ್ ಕ್ಲಬ್ಬಿನಿಂದ ಕ್ರಿಶ್ಚಿಯನ್ ಗ್ರಾಸ್ ಅವರನ್ನು ಕರೆತಂದರು. ಗ್ರಾಸ್ ಎರಡು ಸ್ವಿಸ್ ಲೀಗ್ ಗೆದ್ದಿದ್ದವರು, ತಂಡವನ್ನು ಚಾಂಪಿಯನ್ಸ್ ಲೀಗ್‌ಗೂ ಒಯ್ದಿದ್ದವರು. ಕಾಗದದ ಮೇಲೆ ನೋಡಿದರೆ ವೆಂಗರ್ ಎಂಬ ಅಪರಿಚಿತನಿಗೂ ಗ್ರಾಸ್ ಎಂಬ ಅಪರಿಚಿತನಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ವಿಮಾನ ನಿಲ್ದಾಣದಿಂದ ಲಂಡನ್ ಮೆಟ್ರೊ ಹಿಡಿದು ಪತ್ರಿಕಾಗೋಷ್ಠಿಗೆ ತಡವಾಗಿ ಬಂದ ಅವರು, ಟಿಕೆಟ್ಟನ್ನು ಎತ್ತಿ ತೋರಿಸಿ ಇದು ಕನಸುಗಳಿಗೆ ಟಿಕೆಟ್ ಆಗಲಿ ಎಂಬಂತೆ ಮಾತಾಡಿದರು. ಇಡೀ ಊರು ನಕ್ಕಿತು. ಅವರ ನಂಬಿಕೆಯ ಫಿಟ್‌ನೆಸ್ ಕೋಚ್‌ಗೆ ಬ್ರಿಟಿಷ್ ಸರ್ಕಾರ ಕೆಲಸದ ಪರವಾನಗಿ ಕೊಡಲಿಲ್ಲ. ಕೆಲವೇ ವಾರಗಳಲ್ಲಿ ಸ್ವಂತ ಮೈದಾನದಲ್ಲಿ ಚೆಲ್ಸಿ ಎದುರು 6-1ರ ಸೋಲು. ಮೇ ತಿಂಗಳಲ್ಲಿ ಯೂರ್ಗನ್ ಕ್ಲಿನ್ಸ್‌ಮನ್ ವಿಂಬಲ್ಡನ್ ವಿರುದ್ಧ ನಾಲ್ಕು ಗೋಲು ಹೊಡೆದು ತಂಡವನ್ನು ಮೊದಲ ದರ್ಜೆಯಲ್ಲಿ ಉಳಿಸಬೇಕಾಯಿತು. 1998ರ ಸೆಪ್ಟೆಂಬರ್‌ನಲ್ಲಿ ಗ್ರಾಸ್ ವಜಾ ಆದರು.

ಹಾಗಾದರೆ ಗ್ರಾಸ್ ಕೈಲಾಗದವರೇ? ಅವರು ಮರಳಿ ಹೋಗಿ ಬಾಸೆಲ್ ತಂಡಕ್ಕೆ ನಾಲ್ಕು ಲೀಗ್ ಗೆದ್ದುಕೊಟ್ಟರು. 2002ರಲ್ಲಿ ಅದೇ ಬಾಸೆಲ್ ಲಿವರ್‌ಪೂಲ್ ಜೊತೆ 3-3 ಡ್ರಾ ಮಾಡಿಕೊಂಡು ಅದನ್ನು ಚಾಂಪಿಯನ್ಸ್ ಲೀಗ್‌ನಿಂದ ಹೊರಹಾಕಿತು. ಅಳವು ಇದ್ದೇ ಇತ್ತು. ವೆಂಗರ್‌ಗೆ ಸಿಕ್ಕದ್ದು ಗ್ರಹಾಂ ಕಟ್ಟಿಟ್ಟು ಹೋಗಿದ್ದ, ಟೋನಿ ಆ್ಯಡಮ್ಸ್ ಮುಂದಾಳುತನದ ಗಟ್ಟಿ ರಕ್ಷಣಾ ಸಾಲು, ಬೆನ್ನಿಗೆ ನಿಂತ ಡೀನ್, ಜೊತೆಗೆ ಬರ್ಗ್‌ಕ್ಯಾಂಪ್. ಗ್ರಾಸ್‌ಗೆ ಸಿಕ್ಕದ್ದು ಕೆಳಗೆ ಜಾರುತ್ತಿದ್ದ ತಂಡ, ಗಾಯಾಳುಗಳ ಸಾಲು. ಹೊಸಬನ ಯೋಗ್ಯತೆ ಎಷ್ಟೇ ಇದ್ದರೂ ಅದು ಫಲ ಕೊಡುವುದು ಸಂಸ್ಥೆಯ ಒಳಗಿನ ಸ್ಥಿತಿಯ ಮೇಲೆ ನಿಂತಿದೆ ಎನ್ನುವುದಾದರೆ ಅಭಿಮಾನಿಗಳು ಮ್ಯಾನೇಜರ್ ಹೆಸರು ಕೇಳಿ ಸಂಸ್ಥೆಯ ಬಗ್ಗೆ ಯೋಚಿಸಿದ್ದು ತಪ್ಪಲ್ಲ, ಸರಿಯಾದ ಕಡೆಗೇ ನೋಡಿದ್ದು. ಗ್ರಾಸ್ ಜಾಗಕ್ಕೆ ಟಾಟನ್‌ಹ್ಯಾಮ್ ತಂದದ್ದು ಯಾರನ್ನು? ಆರ್ಸೆನಲ್‌ನ ಹಳೆಯ ಜಾರ್ಜ್ ಗ್ರಹಾಂ ಅವರನ್ನೇ. ಅವರ ಪರಿಚಯದಲ್ಲಿ ಯಾರಿಗೂ ಕೊರತೆಯಿರಲಿಲ್ಲ. 1999ರಲ್ಲಿ ಲೀಗ್ ಕಪ್ ಗೆದ್ದುಕೊಟ್ಟರೂ ವೈರಿ ಮನೆಯವನೆಂಬ ಕಾರಣಕ್ಕೆ ಅರ್ಧ ಗ್ಯಾಲರಿ ಅವರನ್ನು ಒಪ್ಪಲೇ ಇಲ್ಲ. ಹೆಸರು ಗೊತ್ತಿದ್ದರೆ ಒಡಕು ಇರುವುದಿಲ್ಲ ಎಂಬ ಊಹೆಗೂ ಇಲ್ಲಿ ಆಧಾರ ಸಿಗುವುದಿಲ್ಲ.

ಈ ಒಡಕಿನ ಬೇರು ಹುದ್ದೆಯ ಇತಿಹಾಸದಲ್ಲೇ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ತಂಡ ಆರಿಸುತ್ತಿದ್ದುದು ನಿರ್ದೇಶಕರ ಸಮಿತಿ. ಜೊತೆಗಿದ್ದವರು ಕಾರ್ಯದರ್ಶಿ, ಅಂದರೆ ಲೆಕ್ಕಪತ್ರ, ಪತ್ರವ್ಯವಹಾರ, ರೈಲು ಟಿಕೆಟ್ಟಿನ ಜವಾಬ್ದಾರಿ ಹೊತ್ತವರು. ಆ ಕಾರ್ಯದರ್ಶಿಯ ಹೆಸರು ಕೇಳಿ ಗ್ಯಾಲರಿ ಎರಡು ಹೋಳಾಗುವ ಪ್ರಮೇಯ ಕಡಿಮೆ. 1925ರಲ್ಲಿ ಆರ್ಸೆನಲ್‌ಗೆ ಬಂದ ಹರ್ಬರ್ಟ್ ಚಾಪ್‌ಮನ್, ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ ಮ್ಯಾಟ್ ಬಸ್ಬಿ ಮುಂತಾದವರು ತಂಡದ ಆಯ್ಕೆಯನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಇಡೀ ಕ್ಲಬ್ಬಿನ ಮುಖ ಒಬ್ಬನೇ ಮನುಷ್ಯನಾದ. ತಂಡ ಆರಿಸುವ ಅಧಿಕಾರ ಕೈ ಬದಲಾಯಿತು, ಅವನನ್ನು ಆರಿಸುವ ಅಧಿಕಾರ ಮಾತ್ರ ನಿರ್ದೇಶಕರಲ್ಲೇ ಉಳಿಯಿತು. ಅಭಿಮಾನಿಗೆ ಲೆಕ್ಕಪುಸ್ತಕ ಕಾಣುವುದಿಲ್ಲ, ಸಂದರ್ಶನ ಕಾಣುವುದಿಲ್ಲ, ತಿರಸ್ಕೃತರ ಪಟ್ಟಿ ಕಾಣುವುದಿಲ್ಲ. ಮಂಡಳಿಯ ಮನಸ್ಸು ಹೊರಗೆ ಕಾಣುವುದು ಒಂದೇ ಸಲ, ಹೊಸ ಹೆಸರು ಪ್ರಕಟವಾದಾಗ. ಮಂಡಳಿಯ ಮೇಲಿನ ಅಪನಂಬಿಕೆ ಹೊಸದೂ ಆಗಿರಲಿಲ್ಲ: ಆರ್ಸೆನಲ್‌ನ ‘ದ ಗೂನರ್’, ಸೆಲ್ಟಿಕ್‌ನ ‘ನಾಟ್ ದ ವ್ಯೂ’ ಎಂಬ ಅಭಿಮಾನಿಗಳ ಸ್ವಂತ ಪತ್ರಿಕೆಗಳೆರಡೂ 1987ರಲ್ಲೇ ಹುಟ್ಟಿದ್ದವು; ಸೆಲ್ಟಿಕ್ ಕ್ಲಬ್ಬಿನ ಅಧಿಕೃತ ಪತ್ರಿಕೆಯ ಹೆಸರು ‘ದ ಸೆಲ್ಟಿಕ್ ವ್ಯೂ’ ಎಂದು ತಿಳಿದರೆ ಎರಡನೆಯದರ ಉದ್ದೇಶವೇನೆಂದು ವಿವರಿಸಬೇಕಿಲ್ಲ.

ಈಗ ಯಾರೂ ಅಪರಿಚಿತರಲ್ಲ, ಮೊಬೈಲ್ ತೆರೆದರೆ ಯಾವ ದೇಶದ ಪಂದ್ಯವೂ ಸಿಗುತ್ತದೆ, ಹಾಗಾಗಿ ಇದು ಮುಗಿದ ಅಧ್ಯಾಯ ಎನ್ನಬಹುದು. 2021 ಅದನ್ನು ಸುಳ್ಳು ಮಾಡಿತು. ಸೆಲ್ಟಿಕ್ ಆಗ ತನ್ನದೇ ಹತ್ತನೇ ಸತತ ಲೀಗ್ ಬೆನ್ನಟ್ಟಿ, ರೇಂಜರ್ಸ್‌ಗಿಂತ 25 ಅಂಕ ಹಿಂದೆ ಬಿದ್ದು ಮುಖಭಂಗ ಅನುಭವಿಸಿತ್ತು. ಕೋವಿಡ್ ನಡುವೆ, ಜನವರಿಯಲ್ಲಿ, ತಂಡವನ್ನು ದುಬೈಗೆ ಕರೆದೊಯ್ದದ್ದಕ್ಕೆ ಮಂಡಳಿ ಬೈಸಿಕೊಂಡಿತ್ತು. ಮ್ಯಾನೇಜರ್ ಆಗಿ ಎಡ್ಡಿ ಹೌ ಬರುತ್ತಾರೆ ಎಂದು ತಿಂಗಳುಗಟ್ಟಲೆ ಕಾಯಿಸಿ ಕೊನೆಗೆ ಮಾತುಕತೆ ಮುರಿದುಬಿದ್ದಿತ್ತು. ಅದರ ಬೆನ್ನಿಗೇ ಪೋಸ್ಟೆಕೋಗ್ಲು ಹೆಸರು ಬಂತು: 2015ರಲ್ಲಿ ಆಸ್ಟ್ರೇಲಿಯಕ್ಕೆ ಏಷ್ಯನ್ ಕಪ್, 2019ರಲ್ಲಿ ಯೊಕೊಹಾಮಾಕ್ಕೆ ಲೀಗ್ ಗೆದ್ದುಕೊಟ್ಟವರು, ಆದರೆ ಯುರೋಪಿನ ಕೋಚಿಂಗ್ ಲೈಸೆನ್ಸ್ ವಿಷಯದಲ್ಲಿ ವಿಶೇಷ ಅನುಮತಿ ಬೇಕಿದ್ದವರು. ಬ್ರಿಟಿಷ್ ಕ್ರೀಡಾ ರೇಡಿಯೊದ ನಿರೂಪಕರೊಬ್ಬರು ನೇರಪ್ರಸಾರದಲ್ಲೇ ನಕ್ಕುಬಿಟ್ಟರು. ಅಭಿಮಾನಿಗಳಲ್ಲಿ ಒಂದು ಭಾಗ ಯೊಕೊಹಾಮಾದ ಪಂದ್ಯಗಳ ವಿಡಿಯೊ ಹುಡುಕಿ ನೋಡಿ ಹಿಗ್ಗಿತು. ಇನ್ನೊಂದು ಭಾಗ ಇದು ಎರಡನೇ ಆಯ್ಕೆ, ಅಗ್ಗದ ಆಯ್ಕೆ ಎಂದಿತು. ಈ ಎರಡನೆಯವರ ಬಳಿಯೂ ಅದೇ ವಿಡಿಯೊ ಇತ್ತು. ಮಾಹಿತಿ ಹೆಚ್ಚಾದರೆ ಮನುಷ್ಯನ ಬಗೆಗಿನ ಅಜ್ಞಾನ ತಗ್ಗುತ್ತದೆ, ಮಂಡಳಿಯ ಮೇಲಿನ ಅಪನಂಬಿಕೆ ಅದರಿಂದ ತಗ್ಗುವುದಿಲ್ಲ. ಮೊದಲ ಆರು ಲೀಗ್ ಪಂದ್ಯಗಳಲ್ಲಿ ಮೂರು ಸೋಲು; ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲೇ ನಿರ್ಗಮನ. ಆಮೇಲೆ ಆ ಲೀಗ್ ಸೀಸನ್ನಿನಲ್ಲಿ ಅವರು ಒಂದೂ ಪಂದ್ಯ ಸೋಲಲಿಲ್ಲ.

ಬೆಂಗಳೂರಿನ ಉದಾಹರಣೆ ಇದನ್ನು ಇನ್ನೊಂದು ಕೊನೆಯಿಂದ ತೋರಿಸುತ್ತದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಮ್ಯಾನೇಜರ್ ಆಗಿ ಬಂದ ಆ್ಯಶ್ಲಿ ವೆಸ್ಟ್‌ವುಡ್, ಮ್ಯಾಂಚೆಸ್ಟರ್ ಯುನೈಟೆಡ್ ಯುವ ತಂಡದಲ್ಲಿ ಬೆಳೆದು, ಕೆಳ ದರ್ಜೆಗಳಲ್ಲಿ ಆಡಿ, ಸಹಾಯಕ ಕೋಚ್ ಆಗಿ ದುಡಿದಿದ್ದವರು. ವಯಸ್ಸು ನಲವತ್ತೂ ದಾಟಿರಲಿಲ್ಲ. ಹೆಸರಿನ ವಿಷಯಕ್ಕೆ ಬಂದರೆ ಮೇಲಿನ ಎಲ್ಲರಿಗಿಂತ ಅಪರಿಚಿತರು. ಆದರೆ ಇಲ್ಲಿ ಕ್ಲಬ್ಬಿಗೇ ಹಿಂದಿನ ದಿನಗಳಿರಲಿಲ್ಲ. ವಜಾ ಆದ ಅಚ್ಚುಮೆಚ್ಚಿನವನಿರಲಿಲ್ಲ, ಮಾತು ತಪ್ಪಿದ ಮಂಡಳಿ ಇರಲಿಲ್ಲ, ಕೈತಪ್ಪುವ ದಾಖಲೆಯಿರಲಿಲ್ಲ. ಅನುಮಾನಕ್ಕೆ ಬೇಕಾದ ಹಳೆಯ ಖಾತೆಯೇ ತೆರೆದಿರಲಿಲ್ಲ. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಬಂದದ್ದು ಬೇರೆ ಮಾತು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಅಭಿಮಾನಿಗಳನ್ನೇ ಕೇಳಿ ನೇಮಿಸಬೇಕಿತ್ತೇ ಎಂಬ ಪ್ರಶ್ನೆ ಬರುತ್ತದೆ. ಇಲ್ಲಿ ನನ್ನ ವಾದಕ್ಕೆ ತೊಡಕಿದೆ. 2016ರಲ್ಲಿ ಸ್ವಾನ್ಸಿ ಸಿಟಿಯಲ್ಲಿ ಅಭಿಮಾನಿಗಳ ಟ್ರಸ್ಟ್ ಐದನೇ ಒಂದಕ್ಕಿಂತ ಹೆಚ್ಚು ಪಾಲಿನ ಒಡೆತನ ಹೊಂದಿತ್ತು. ಹೊಸ ಅಮೆರಿಕನ್ ಒಡೆಯರು ಅಮೆರಿಕದವರೇ ಆದ ಬಾಬ್ ಬ್ರ್ಯಾಡ್ಲಿ ಅವರನ್ನು ನೇಮಿಸುವ ಮುನ್ನ ತಮ್ಮನ್ನು ಕೇಳಲಿಲ್ಲವೆಂದು ಟ್ರಸ್ಟ್ ದೂರಿತು. ಬ್ರ್ಯಾಡ್ಲಿ 11 ಪಂದ್ಯಗಳಲ್ಲಿ ಎರಡು ಗೆದ್ದು, 85 ದಿನಕ್ಕೆ ಹೊರಬಿದ್ದರು. ಕೇಳಿದ್ದರೆ ಒಳ್ಳೆಯದಿತ್ತು ಎನ್ನಲು ಇದು ಹದವಾದ ಉದಾಹರಣೆ. ಆದರೆ ಸದಸ್ಯರು ಮತ ಹಾಕಿ ಅಧ್ಯಕ್ಷರನ್ನು ಆರಿಸುವ ಸ್ಪೇನಿನ ಕ್ಲಬ್ಬುಗಳನ್ನು ನೋಡಿ. 2000ದಲ್ಲಿ ರಿಯಲ್ ಮ್ಯಾಡ್ರಿಡ್‌ನಲ್ಲಿ ಫ್ಲೊರೆಂಟಿನೊ ಪೆರೆಸ್ ಗೆದ್ದದ್ದು ಲೂಯಿಸ್ ಫಿಗೊ ಅವರನ್ನು ತರುವೆನೆಂದು. 2003ರಲ್ಲಿ ಬಾರ್ಸಿಲೋನಾದಲ್ಲಿ ಜುವಾನ್ ಲಪೋರ್ಟಾ ಪ್ರಚಾರದಲ್ಲಿ ಡೇವಿಡ್ ಬೆಕ್‌ಹ್ಯಾಮ್ ಹೆಸರನ್ನು ತೇಲಿಬಿಟ್ಟರು. ಮತ ಬೀಳುವುದು ಗೊತ್ತಿರುವ ಹೆಸರಿಗೆ. ಗೆದ್ದ ಮೇಲೆ ಅದೇ ಲಪೋರ್ಟಾ ಬಾಗಿಲು ಹಾಕಿಕೊಂಡು ಕೋಚ್ ಆಗಿ ಆರಿಸಿದ್ದು ಫ್ರಾಂಕ್ ರೈಕಾರ್ಡ್ ಅವರನ್ನು. ಆಟಗಾರನಾಗಿ ರೈಕಾರ್ಡ್ ಜಗತ್ತಿಗೇ ಗೊತ್ತು, ಆದರೆ ಕೋಚ್ ಆಗಿ ಅವರು ಅದರ ಹಿಂದಿನ ವರ್ಷ ರಾಟರ್ಡ್ಯಾಮ್‌ನ ಸ್ಪಾರ್ಟಾ ತಂಡವನ್ನು ಅದರ ಇತಿಹಾಸದಲ್ಲೇ ಮೊದಲ ಬಾರಿಗೆ ಕೆಳದರ್ಜೆಗೆ ಇಳಿಸಿದವರು. ಆ ಹೆಸರನ್ನು ಮತಪೆಟ್ಟಿಗೆಗೆ ಒಡ್ಡಿ ಯಾರೂ ಚುನಾವಣೆ ಗೆಲ್ಲುತ್ತಿರಲಿಲ್ಲ. ಅವರು ಬಾರ್ಸಿಲೋನಾಕ್ಕೆ ಎರಡು ಲೀಗ್, 2006ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು. ಅಭಿಮಾನಿಗಳನ್ನು ಹೊರಗಿಡುವ ಅದೇ ಮುಚ್ಚಿದ ಬಾಗಿಲಿನ ಹಿಂದೆಯೇ ವೆಂಗರ್, ಯಾನ್ಸನ್, ಪೋಸ್ಟೆಕೋಗ್ಲು ನೇಮಕಗಳೂ ನಡೆದದ್ದು; ವೆಂಗ್ಲೋಷ್, ಗ್ರಾಸ್, ಬ್ರ್ಯಾಡ್ಲಿ ನೇಮಕಗಳೂ ಅಲ್ಲೇ. 2021ರ ಬೇಸಿಗೆಯಲ್ಲಿ ಗ್ಲಾಸ್ಗೋದ ಗ್ಯಾಲರಿಯ ಮತ ಕೇಳಿದ್ದರೆ ಎಡ್ಡಿ ಹೌ ಅವರಿಗಾಗಿ ಇನ್ನೊಂದು ತಿಂಗಳು ಕಾಯೋಣ ಎನ್ನುವವರೇ ಹೆಚ್ಚಿರುತ್ತಿದ್ದರು ಎಂದು ನನ್ನ ಅಂದಾಜು. ಅವರ ಬಳಿಯಿದ್ದ ಪುರಾವೆಯಲ್ಲಿ ಅದು ವಿವೇಕದ ಮತವೇ ಆಗಿರುತ್ತಿತ್ತು.